ಕೃಷ್ಣರಾಜಪುರ ದಾಟದ ಮುಕ್ತ ಮಾರುಕಟ್ಟೆ



ಹೋದ ತಿಂಗಳು ಶಿವಾಜಿನಗರದಲ್ಲಿ ಒಂದು ಕೆಲಸವಿತ್ತು. ಹೊಸಕೋಟೆಯಲ್ಲಿ ಬಸ್ಸು ಹಿಡಿದು ಕೃಷ್ಣರಾಜಪುರದ ತೂಗುಸೇತುವೆ ಹತ್ತಿರ ಇಳಿದು, ಅಲ್ಲಿಂದ ಮೆಟ್ರೋ ರೈಲು ಹತ್ತಿದೆ. ಕಂಬದ ಮೇಲೆ ಓಡುವ ರೈಲು, ಕಿಟಕಿಯಲ್ಲಿ ಊರೆಲ್ಲಾ ಕಾಣುತ್ತೆ. ಪಕ್ಕದಲ್ಲಿ ಕೂತಿದ್ದ ಹುಡುಗನ ಕೊರಳಲ್ಲಿ ಕಂಪನಿಯ ಕಾರ್ಡು ನೇತಾಡುತ್ತಿತ್ತು. ನನ್ನ ಹೆಗಲ ಮೇಲಿನ ಹಸಿರು ಶಾಲು ನೋಡಿ ಅವನೇ ಮಾತಿಗೆಳೆದ. ಮಂಡ್ಯ ಕಡೆಯ ರೈತನ ಮಗನಂತೆ. "ನೋಡಿ ಅಂಕಲ್, ಇಲ್ಲಿ ಕಾಣ್ತಿರೋದೆಲ್ಲಾ 91ರಲ್ಲಿ ಮಾರ್ಕೆಟ್ ಓಪನ್ ಮಾಡಿದ್ದರಿಂದ ಬಂದಿದ್ದು. ನೀವು ಮಾತ್ರ ಇನ್ನೂ ಸಬ್ಸಿಡಿ, ಸಾಲ ಮನ್ನಾ ಅಂತ ಕೂತಿದೀರಿ" ಅಂದ. ಒಳ್ಳೆಯ ಹುಡುಗ, ಕುಹಕದಿಂದ ಹೇಳಿದ್ದಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಇಂದಿರಾನಗರ ಬಂತು, ಇಳಿದುಹೋದ. ಅವನಿಗೆ ಹೇಳಬೇಕಾಗಿದ್ದ ಉತ್ತರವನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ. ಯಾಕೆಂದರೆ ನಿಮ್ಮ ಮನೆಯ ಹುಡುಗರೂ ನಿಮ್ಮನ್ನು ಇದೇ ಪ್ರಶ್ನೆ ಕೇಳುತ್ತಿದ್ದಾರೆ, ಮತ್ತು ನಮ್ಮಲ್ಲಿ ಬಹಳ ಜನ ಉತ್ತರ ತಿಳಿಯದೆ ತಲೆ ತಗ್ಗಿಸುತ್ತಿದ್ದೇವೆ.

ಸರ್ಕಾರದ ಹಿಡಿತದಲ್ಲಿದ್ದ ದೇಶ ಸಂತೆಯ ಬಾಗಿಲು ತೆರೆದಾಗ ಅಲ್ಲಿ ಸಂಪತ್ತು ಬೆಳೆಯುವುದು ಯಾವುದರಿಂದ? ಬಾಗಿಲು ತೆರೆದದ್ದರಿಂದಲೇ ಅನ್ನುವುದು ಪೇಟೆಯವರ ಪಾಠ. ಅದು ಅರ್ಧ ಸತ್ಯ. ಮಿಕ್ಕ ಅರ್ಧವನ್ನು ಹಳೇ ಮದ್ರಾಸ್ ರಸ್ತೆಯಲ್ಲಿ ಕಣ್ಣು ಬಿಟ್ಟು ನಡೆದವನು ಯಾರು ಬೇಕಾದರೂ ಹೇಳಬಲ್ಲ.

1980ರ ಆಸುಪಾಸಿನಲ್ಲಿ ನಾನು ಚಿಕ್ಕ ಹುಡುಗ. ಬೇಸಿಗೆ ರಜದಲ್ಲಿ ನಮ್ಮಪ್ಪ ಸೊಪ್ಪು, ಬೀನ್ಸ್ ಮೂಟೆಗಳ ಮೇಲೆ ನನ್ನನ್ನೂ ಕೂರಿಸಿಕೊಂಡು ರಾತ್ರಿ ಲಾರಿಯಲ್ಲಿ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ದಲ್ಲಾಳಿ ಟವೆಲ್ಲಿನಡಿ ಬೆರಳು ಮುಟ್ಟಿ ಬೆಲೆ ಕಟ್ಟುತ್ತಿದ್ದ. ನಮ್ಮ ಮಾಲಿನ ಬೆಲೆ ನಮಗೇ ಕಾಣುತ್ತಿರಲಿಲ್ಲ! ಬೆಳಗ್ಗೆ ವಾಪಸು ಬರುವಾಗ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಮುಂದೆ, ದೂರವಾಣಿನಗರದ ಐ.ಟಿ.ಐ. ಮುಂದೆ ಸೈಕಲ್ಲುಗಳ ಜಾತ್ರೆ. ನಮ್ಮ ಹಳ್ಳಿಗಳ ಹುಡುಗರೂ ಆ ಗೇಟುಗಳೊಳಗೆ ಹೋಗುತ್ತಿದ್ದರು. ಐ.ಟಿ.ಐ. ಶುರುವಾದದ್ದು 1948ರಲ್ಲಿ, ದೇಶದ ಟೆಲಿಫೋನು ತಯಾರಿಸಲು. ಅದಕ್ಕೂ ಮೊದಲೇ 1940ರಲ್ಲಿ ವಿಮಾನ ಕಾರ್ಖಾನೆ ಬಂದಿತ್ತು, ಮೈಸೂರು ಸಂಸ್ಥಾನದ ನೆರವಿನಿಂದ. ಆಮೇಲೆ ಎಚ್.ಎಂ.ಟಿ., ಬಿ.ಇ.ಎಲ್. ಬಂದವು. ಹತ್ತಾರು ಎಂಜಿನಿಯರಿಂಗ್ ಕಾಲೇಜುಗಳು ಎದ್ದವು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ದಂಡಿನ ಪ್ರದೇಶದ ಮಿಲ್ಲರ್ಸ್ ರಸ್ತೆಯಲ್ಲಿ ಕಚೇರಿ ತೆರೆದದ್ದು 1985ರಲ್ಲಿ. ಅದರ ಉಪಗ್ರಹದ ತಟ್ಟೆಯನ್ನು ಎತ್ತಿನಗಾಡಿಯಲ್ಲಿ ತಂದರು ಅಂತ ಇವತ್ತಿಗೂ ಹೇಳುತ್ತಾರೆ. ಎತ್ತು ಯಾರದು, ಗಾಡಿ ಯಾರದು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ, ಇರಲಿ. ಇದೆಲ್ಲಾ ಆದದ್ದು 1991ಕ್ಕಿಂತ ಮೊದಲು.

ಅಂದರೆ 91ರಲ್ಲಿ ಮಳೆ ಬಂದದ್ದು ನಿಜ. ಆದರೆ ನಲವತ್ತು ವರ್ಷ ಸರ್ಕಾರದ ದುಡ್ಡಿನಲ್ಲಿ, ಅಂದರೆ ನಿಮ್ಮ ನಮ್ಮ ತೆರಿಗೆಯಲ್ಲಿ, ಉತ್ತು ಗೊಬ್ಬರ ಹಾಕಿ ಹದ ಮಾಡಿದ ಹೊಲಕ್ಕೆ ಅದು ಬಿತ್ತು. ಹಾಗಂತ ಹಳೆಯ ಕಾರ್ಖಾನೆಗಳನ್ನು ದೇವಸ್ಥಾನ ಮಾಡಬೇಕಾಗಿಲ್ಲ. ಟೆಲಿಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಿಸಿದ ವ್ಯವಸ್ಥೆಯನ್ನು ನಾವು ಮರೆತಿಲ್ಲ. ಹಳ್ಳಿಗೆ ಹೊಂದುವ ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜನ್ನು ಸಿ-ಡಾಟ್‌ನ ನಮ್ಮ ಎಂಜಿನಿಯರುಗಳೇ ಮಾಡಿ 1986ರಲ್ಲಿ ಕಿತ್ತೂರಿನಲ್ಲಿ ಕೂರಿಸಿದರು. ಅಷ್ಟು ಬುದ್ಧಿ ನಮ್ಮಲ್ಲಿತ್ತು. ಬಾಗಿಲು ತೆರೆದಾಗ ಆ ಬುದ್ಧಿಯಿದ್ದ ಹುಡುಗರು ಹೊಸ ಕಂಪನಿಗಳಿಗೆ ಹೋದರು. ಐ.ಟಿ.ಐ. ನಷ್ಟಕ್ಕೆ ಬಿತ್ತು, ಎನ್.ಜಿ.ಇ.ಎಫ್. ಬಾಗಿಲು ಹಾಕಿತು.

ಬೇರೆ ದೇಶಗಳ ಕಡೆ ಸ್ವಲ್ಪ ನೋಡೋಣ. ರಷ್ಯಾ 1992ರ ಜನವರಿ 2ರಂದು ಬಹುಪಾಲು ಬೆಲೆಗಳನ್ನು ಒಂದೇ ಏಟಿಗೆ ಬಿಟ್ಟಿತು. ಆ ಒಂದು ವರ್ಷದಲ್ಲಿ ಬೆಲೆಗಳು ಇಪ್ಪತ್ತೈದು ಪಟ್ಟಿಗೂ ಮಿಕ್ಕಿ ಏರಿದವು. ಮುದುಕರ ಉಳಿತಾಯ ಕರಗಿತು. ಕಾರ್ಖಾನೆಗಳನ್ನು ಜನರಿಗೆ ಹಂಚುತ್ತೇವೆ ಅಂತ ಚೀಟಿ ಕೊಟ್ಟರು. ಹೊಟ್ಟೆಗಿಲ್ಲದವರು ಚೀಟಿ ಮಾರಿಕೊಂಡರು, ಕೆಲವೇ ಜನ ಗುಡ್ಡೆ ಹಾಕಿಕೊಂಡರು. 1998ರ ಹೊತ್ತಿಗೆ ದೇಶದ ಉತ್ಪನ್ನ ಹತ್ತಿರ ಹತ್ತಿರ ನೂರಕ್ಕೆ 40ರಷ್ಟು ಕುಸಿದಿತ್ತು. ಬಾಗಿಲು ತೆರೆದರೆ ಸಾಕು ಅನ್ನುವವರು ಇದಕ್ಕೆ ಏನು ಹೇಳುತ್ತಾರೆ?

ಚೀನಾ ಹಾಗೆ ಮಾಡಲಿಲ್ಲ. ಅಲ್ಲಿ ಬದಲಾವಣೆಗೆ ಹೆಬ್ಬೆಟ್ಟು ಒತ್ತಿದವರು ರೈತರು. ಆನ್ಹುಯಿ ಪ್ರಾಂತ್ಯದ ಶಿಯಾವ್‌ಗಾಂಗ್ ಅನ್ನುವ ಹಳ್ಳಿಯ 18 ಕುಟುಂಬಗಳು 1978ರ ಕೊನೆಯಲ್ಲಿ ಗುಟ್ಟಾಗಿ ಸಭೆ ಸೇರಿ, ಸಾಮೂಹಿಕ ಜಮೀನನ್ನು ಮನೆ ಮನೆಗೆ ಹಂಚಿಕೊಂಡು, ಸರ್ಕಾರದ ಪಾಲು ಕೊಟ್ಟು ಮಿಕ್ಕದ್ದು ನಮ್ಮದು ಅಂತ ಒಪ್ಪಂದ ಬರೆದುಕೊಂಡರು. ಸಿಕ್ಕಿಬಿದ್ದರೆ ಜೈಲು. ಆದರೆ ಸರ್ಕಾರ ಜೈಲಿಗೆ ಹಾಕುವ ಬದಲು ಅದನ್ನೇ ದೇಶಕ್ಕೆಲ್ಲ ಹರಡಿತು. ಇಷ್ಟು ಕಥೆ ಪೇಪರಿನಲ್ಲಿ ಬರುತ್ತೆ. ಬರದೇ ಇರುವ ಇನ್ನೊಂದು ಸಂಗತಿಯಿದೆ, ಅದನ್ನು ಗುರುತು ಹಾಕಿಕೊಳ್ಳಿ. 1979ರಲ್ಲಿ ಚೀನಾ ಸರ್ಕಾರ ರೈತರಿಂದ ಕೊಳ್ಳುವ ಧಾನ್ಯದ ಬೆಲೆಯನ್ನು ನೂರಕ್ಕೆ 20ರಷ್ಟು ಏರಿಸಿತು. ಗೊತ್ತು ಮಾಡಿದ್ದಕ್ಕಿಂತ ಹೆಚ್ಚು ಕೊಟ್ಟ ಧಾನ್ಯಕ್ಕೆ ಅದರ ಮೇಲೆ ನೂರಕ್ಕೆ 50ರಷ್ಟು ಜಾಸ್ತಿ. 1978ರಲ್ಲಿ ಸುಮಾರು 30 ಕೋಟಿ ಟನ್ ಇದ್ದ ಧಾನ್ಯದ ಬೆಳೆ 1984ಕ್ಕೆ 40 ಕೋಟಿ ಟನ್ ದಾಟಿತು. ಭೂಮಿ ಅದೇ, ಆಳು ಅದೇ. ಬೆಲೆ ಬದಲಾಯಿತು, ಯಾವ ಕೆಲಸ ಯಾವಾಗ ಅನ್ನುವ ತೀರ್ಮಾನ ರೈತನ ಕೈಗೆ ಬಂತು, ಅಷ್ಟೆ. ರೈತನ ಕೈಯಲ್ಲಿ ದುಡ್ಡು ಓಡಾಡಿದ ಮೇಲೆ ಹಳ್ಳಿಯಲ್ಲೇ ಸಣ್ಣ ಕಾರ್ಖಾನೆಗಳೆದ್ದವು. ಪಂಪು, ಇಟ್ಟಿಗೆ, ಬಟ್ಟೆ, ಏನೆಲ್ಲಾ. 1990ರ ದಶಕದ ಮಧ್ಯದಲ್ಲಿ ಅಂಥ ಹಳ್ಳಿ ಕಾರ್ಖಾನೆಗಳಲ್ಲಿ ದುಡಿಯುವವರು 13 ಕೋಟಿ ದಾಟಿದ್ದರು. ವಿಯೆಟ್ನಾಂ 1988ರಲ್ಲಿ ಜಮೀನಿನ ತೀರ್ಮಾನವನ್ನು ರೈತ ಕುಟುಂಬಗಳಿಗೆ ಬಿಟ್ಟಿತು. ಅಕ್ಕಿ ತರಿಸಿಕೊಂಡು ಉಣ್ಣುತ್ತಿದ್ದ ದೇಶ ಮಾರನೆಯ ವರ್ಷವೇ ಅಕ್ಕಿ ರಫ್ತಿಗೆ ನಿಂತಿತು.

ಚೀನಾವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅಲ್ಲಿಯೂ ಅಧಿಕಾರಿಗಳು ರೈತನ ಭೂಮಿ ಕಿತ್ತುಕೊಂಡಿದ್ದಾರೆ, ಅಲ್ಲಿ ನಮ್ಮ ಹಾಗೆ ರಸ್ತೆಗೆ ಕೂತು ಕೂಗುವ ಸ್ವಾತಂತ್ರ್ಯವೂ ಇಲ್ಲ. ನಾನು ಹೇಳುವುದು ಇಷ್ಟೆ: ಆ ದೇಶಗಳಲ್ಲಿ ಮಾರುಕಟ್ಟೆ ಮೊದಲು ಹಳ್ಳಿಗೆ ಬಂತು, ಆಮೇಲೆ ಪೇಟೆಗೆ ಹೋಯಿತು. ನಮ್ಮಲ್ಲಿ ಪೇಟೆಗೆ ಬಂದದ್ದು ಕೃಷ್ಣರಾಜಪುರದ ಸೇತುವೆಯ ಹತ್ತಿರವೇ ನಿಂತುಬಿಟ್ಟಿತು.

ನಿಂತಿತು ಅಂದೆ, ತಪ್ಪು. ಒಂದು ಕಾಲು ಮಾತ್ರ ಈಚೆ ಇಟ್ಟಿತು. 1991ರಲ್ಲಿ ವಿದೇಶಿ ವಿನಿಮಯ ಬರಿದಾಗಿ ದೇಶದ 47 ಟನ್ ಚಿನ್ನವನ್ನು ಪರದೇಶದ ಬ್ಯಾಂಕಿಗೆ ಅಡವಿಟ್ಟರು. ಜುಲೈ 24ರಂದು ಬಜೆಟ್ಟು ಬಂತು. ಅದೇ ದಿನ ಕೈಗಾರಿಕೆಗಳಿಗೆ ಲೈಸೆನ್ಸಿನ ಕಾಟ ಬಹುಮಟ್ಟಿಗೆ ತಪ್ಪಿತು, ಸಂತೋಷ. ಅದೇ ಬಜೆಟ್ಟಿನಲ್ಲಿ ರೈತನಿಗೆ ಬಂದದ್ದೇನು? ಗೊಬ್ಬರದ ಬೆಲೆಯಲ್ಲಿ ನೂರಕ್ಕೆ 40 ಏರಿಕೆ. ಕೂಗೆದ್ದ ಮೇಲೆ 30ಕ್ಕೆ ಇಳಿಸಿ ಸಣ್ಣ ಹಿಡುವಳಿದಾರರಿಗೆ ವಿನಾಯಿತಿ ಅಂದರು. 1992ರ ಆಗಸ್ಟಿನಲ್ಲಿ ಡಿ.ಎ.ಪಿ., ಪೊಟ್ಯಾಷಿನ ಬೆಲೆ ನಿಯಂತ್ರಣವನ್ನೇ ತೆಗೆದರು. ಯೂರಿಯಾ ಮಾತ್ರ ಅಗ್ಗವಾಗಿ ಉಳಿಯಿತು. ಅದನ್ನೇ ಸುರಿದು ಸುರಿದು ಹೊಲ ಕೆಟ್ಟಿತು. ಲೈಸೆನ್ಸು ತೆಗೆದವರು ಬೆಳೆಯ ಮೇಲಿನ ಹಿಡಿತವನ್ನು ಮಾತ್ರ ಬಿಡಲಿಲ್ಲ. ಕೊಳ್ಳುವಾಗ ಸಂತೆಯ ಬೆಲೆ, ಮಾರುವಾಗ ಸರ್ಕಾರದ ಕೃಪೆ.

ಅನುಮಾನವಿದ್ದರೆ ನಮ್ಮ ಸೀಮೆಯ ಬೆಳೆಗಳನ್ನೇ ನೋಡಿ. ರೇಷ್ಮೆ. 2011ರ ಬಜೆಟ್ಟಿನಲ್ಲಿ ಹೊರದೇಶದ ಕಚ್ಚಾ ರೇಷ್ಮೆಯ ಮೇಲಿನ ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿದರು. ಶಿಡ್ಲಘಟ್ಟ, ರಾಮನಗರದ ಗೂಡಿನ ಮಾರುಕಟ್ಟೆಗಳಲ್ಲಿ ಬೆಲೆ ಬಿತ್ತು. ಹಿಪ್ಪುನೇರಳೆ ಕಿತ್ತು ಬೇರೆ ಇಟ್ಟವರು ನಮ್ಮೂರಿನಲ್ಲೇ ಇದ್ದಾರೆ. 2013ರಲ್ಲಿ ಸುಂಕವನ್ನು 15ಕ್ಕೆ ಏರಿಸಿದರು, ಕಿತ್ತ ಗಿಡ ಮರಳಿ ಬರುತ್ತದೆಯೇ? ಸರಿ, ಇದು ಮುಕ್ತ ಮಾರುಕಟ್ಟೆ, ತಡೆದುಕೊಳ್ಳಿ ಅಂದರು. ಹಾಗಾದರೆ ಈರುಳ್ಳಿಗೂ ಅದೇ ನ್ಯಾಯ ಇರಬೇಕಲ್ಲ? 2023ರ ಆಗಸ್ಟಿನಲ್ಲಿ ಈರುಳ್ಳಿ ರಫ್ತಿನ ಮೇಲೆ ನೂರಕ್ಕೆ 40 ಸುಂಕ ಹಾಕಿದರು. ಹೆಚ್ಚಾಗಿ ಹೊರದೇಶಕ್ಕೇ ಹೋಗುವ ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಗುಲಾಬಿ ಈರುಳ್ಳಿಯನ್ನೂ ಮೊದಲು ಅದಕ್ಕೆ ಸೇರಿಸಿ, ಗಲಾಟೆಯಾದ ಮೇಲೆ ಬಿಟ್ಟರು. ಡಿಸೆಂಬರಿನಲ್ಲಿ ರಫ್ತನ್ನೇ ನಿಷೇಧಿಸಿದರು, 2024ರ ಮೇವರೆಗೂ ತೆಗೆಯಲಿಲ್ಲ. ಅದೇ 2023ರಲ್ಲಿ ಟೊಮೇಟೊ ಕಿಲೋಗೆ ನೂರು ದಾಟಿದಾಗ ನೇಪಾಳದಿಂದ ತರಿಸಿದರು. ಬೆಲೆ ಬಿದ್ದಾಗ ಮುಕ್ತ ಮಾರುಕಟ್ಟೆ, ಬೆಲೆ ಎದ್ದಾಗ ಸರ್ಕಾರಿ ಮಾರುಕಟ್ಟೆ. ಬಾಗಿಲಿನ ಚಿಲಕ ಯಾವಾಗಲೂ ಅವರ ಕಡೆಗೇ.

ಇದನ್ನು ನಾನೊಬ್ಬ ಹೇಳಿದರೆ ರೈತ ಸಂಘದವನ ಗೊಣಗು ಅನ್ನಬಹುದು. ಶ್ರೀಮಂತ ದೇಶಗಳ ಸಂಘಟನೆಯಾದ ಓ.ಇ.ಸಿ.ಡಿ. 2018ರಲ್ಲಿ ದೆಹಲಿಯ ಒಂದು ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಲೆಕ್ಕ ತೆಗೆಯಿತು. 2000-01ರಿಂದ 2016-17ರವರೆಗೆ, ಸಬ್ಸಿಡಿ ಎಲ್ಲಾ ಕೊಟ್ಟ ಮೇಲೂ, ರಫ್ತು ನಿಷೇಧ ಮತ್ತು ಮಾರುಕಟ್ಟೆ ಕಟ್ಟುಪಾಡುಗಳಿಂದ ಭಾರತದ ರೈತನ ಒಟ್ಟು ಹುಟ್ಟುವಳಿಯಲ್ಲಿ ವರ್ಷಕ್ಕೆ ಸರಾಸರಿ ನೂರಕ್ಕೆ 14ರಷ್ಟು ಕಡಿತವಾಗಿದೆ ಅಂತ. ಸಬ್ಸಿಡಿ ತಿನ್ನುವವರು ಅಂತ ನಮ್ಮನ್ನು ಅನ್ನುವ ಹುಡುಗರಿಗೆ ಈ ಒಂದು ಅಂಕಿ ತೋರಿಸಿ. ಹಾಗೆ ಕಡಿತವಾದ ದುಡ್ಡೇ ನಮ್ಮ ಮನೆಯಲ್ಲಿ ಸಾಲ ಅನ್ನುವ ಹೆಸರಿನಲ್ಲಿ ಕೂತಿದೆ. 2019ರ ಸರ್ಕಾರಿ ಸಮೀಕ್ಷೆಯ ಪ್ರಕಾರ ದೇಶದ ಕೃಷಿ ಕುಟುಂಬಗಳಲ್ಲಿ ಅರ್ಧಕ್ಕರ್ಧ ಸಾಲದಲ್ಲಿವೆ. ಕುಟುಂಬವೊಂದಕ್ಕೆ ಸರಾಸರಿ ಸಾಲ 74,121 ರೂಪಾಯಿ, ತಿಂಗಳ ವರಮಾನ ಹತ್ತು ಸಾವಿರ ಚಿಲ್ಲರೆ.

ನನ್ನದೇ ಚೀಟಿ ಹೇಳುತ್ತೇನೆ. ಕಳೆದ ಬೇಸಿಗೆಯ ಒಂದು ದಿನ, ಟೊಮೇಟೊ 60 ಬಾಕ್ಸ್, ಬಾಕ್ಸಿಗೆ 90 ರೂಪಾಯಿಯಂತೆ 5,400. ಮಂಡಿ ಕಮಿಷನ್ ನೂರಕ್ಕೆ ಹತ್ತು, 540. ಕಾನೂನಿನ ಪ್ರಕಾರ ಬೆಳೆಗಾರನಿಂದ ಕಮಿಷನ್ ಹಿಡಿಯುವಂತಿಲ್ಲ, ಹಿಡಿಯುತ್ತಾರೆ. ಗಾಡಿ ಬಾಡಿಗೆ 1,200. ಬಿಡಿಸಿದ ಎಂಟು ಆಳಿಗೆ 400ರಂತೆ 3,200. ಕೈಗೆ ಬಂದದ್ದು 460 ರೂಪಾಯಿ. ಅದರಲ್ಲಿ ಔಷಧಿ, ಕೋಲು, ದಾರ, ಡ್ರಿಪ್ಪು, ಬೋರ್‌ವೆಲ್ಲಿನ ಸಾಲದ ಬಡ್ಡಿ ಎಲ್ಲಾ ತೀರಬೇಕು. ನನ್ನ ಹೆಂಡತಿ ಚೀಟಿ ನೋಡಿ, "ಹೊಲದಲ್ಲೇ ಬಿಟ್ಟಿದ್ದರೆ ಎಮ್ಮೆಗಾದರೂ ಆಗ್ತಿತ್ತು" ಅಂದಳು.

ಸಾಲದ ಮಾತು ಬಂದಾಗ ಪೋಲೆಂಡ್ ದೇಶದ ವಿಷಯ ಹೇಳದಿದ್ದರೆ ಆಗದು. 1990ರ ಜನವರಿಯಲ್ಲಿ ಅದು ಸಂತೆಯ ದಾರಿ ಹಿಡಿಯಿತು. ಕಮ್ಯುನಿಸ್ಟರ ಕಾಲದಲ್ಲೂ ಅಲ್ಲಿನ ಬಹುಪಾಲು ಜಮೀನು ಸಣ್ಣ ರೈತರ ಕೈಯಲ್ಲೇ ಇತ್ತು. ಮೊದಲೆರಡು ವರ್ಷ ಕಷ್ಟಪಟ್ಟು, ಆಮೇಲೆ ಆ ಕಡೆಯ ದೇಶಗಳಲ್ಲೆಲ್ಲಾ ಚೆನ್ನಾಗಿ ಬೆಳೆಯಿತು. ಅದನ್ನು ಎಲ್ಲರೂ ಹೊಗಳುತ್ತಾರೆ. ಆದರೆ 1991ರಲ್ಲಿ ಸಾಲ ಕೊಟ್ಟ ಸರ್ಕಾರಗಳು ಪ್ಯಾರಿಸ್ಸಿನಲ್ಲಿ ಕೂತು ಪೋಲೆಂಡಿನಿಂದ ತಮಗೆ ಬರಬೇಕಾಗಿದ್ದ ಸಾಲದಲ್ಲಿ ಅರ್ಧದಷ್ಟನ್ನು ಕಡಿದುಹಾಕಲು ಒಪ್ಪಿದವು ಅನ್ನುವುದನ್ನು ಎಷ್ಟು ಜನ ಹೇಳುತ್ತಾರೆ? ಹಳೆಯ ಸಾಲದ ಚಪ್ಪಡಿ ಎದೆ ಮೇಲಿದ್ದರೆ ಯಾರೂ ಏಳಲಾರರು ಅಂತ ಆ ಸಾಲ ಕೊಟ್ಟವರಿಗೂ ಗೊತ್ತು. ದೇಶದ ಸಾಲ ಬಿಟ್ಟರೆ ಅದು ಸುಧಾರಣೆ. ಹಳ್ಳಿಯ ಸಾಲ ಬಿಟ್ಟರೆ ಶಿಸ್ತು ಕೆಟ್ಟಿತು ಅನ್ನುತ್ತಾರೆ! 1990ರಲ್ಲಿ ಹತ್ತು ಸಾವಿರದವರೆಗೆ, 2008ರಲ್ಲಿ ದೊಡ್ಡದಾಗಿ, ಆಮೇಲೆ 2017, 2018ರಲ್ಲಿ ನಮ್ಮ ರಾಜ್ಯದಲ್ಲಿ ಮನ್ನಾ ಆಯಿತು. ಬೆಲೆಯ ನಿಯಮ ಹಾಗೇ ಇದ್ದದ್ದರಿಂದ ಸಾಲ ಮತ್ತೆ ಚಿಗುರಿತು. ಆದ್ದರಿಂದ ಮನ್ನಾ ಒಂದನ್ನೇ ಕೇಳುವ ನಮ್ಮ ಚಳವಳಿಗಾರರ ಮೇಲೂ ನನಗೆ ಸಿಟ್ಟಿದೆ. ಪೋಲೆಂಡಿನಲ್ಲಿ ಸಾಲ ಕಡಿದದ್ದೂ ನಿಯಮ ಬದಲಿಸಿದ್ದೂ ಒಟ್ಟಿಗೇ ಆಯಿತು.

ಇನ್ನು ಭೂಮಿ. ಇಂದಿರಾನಗರದ ಮಹಡಿಗಳ ನಡುವೆ ಬಿನ್ನಮಂಗಲ, ಕೋಡಿಹಳ್ಳಿ, ದೂಪನಹಳ್ಳಿ ಅನ್ನುವ ಹೆಸರುಗಳು ಇನ್ನೂ ಉಳಿದಿವೆ. ಅವು ಹಳ್ಳಿಗಳು ಸ್ವಾಮಿ, ರಾಗಿ ಬೆಳೆದ ಹಳ್ಳಿಗಳು. ವೈಟ್‌ಫೀಲ್ಡಿನ ಟೆಕ್ನಾಲಜಿ ಪಾರ್ಕು 1990ರ ದಶಕದಲ್ಲಿ ಎದ್ದ ಮೇಲೆ ಹೂಡಿ, ಮಹದೇವಪುರ, ಕಾಡುಗೋಡಿ ಎಲ್ಲವೂ ಅದೇ ದಾರಿ ಹಿಡಿದವು. ಬೆಂಗಳೂರಿನ ಬೆಳವಣಿಗೆಗೆ ಬಂಡವಾಳ ಎಲ್ಲಿಂದ ಬಂತು ಅಂತ ಕೇಳಿದರೆ ಒಂದು ಪಾಲು ಅಮೆರಿಕದಿಂದ ಬಂದಿರಬಹುದು, ಇನ್ನೊಂದು ಪಾಲು ಬಂದದ್ದು ಅಗ್ಗಕ್ಕೆ ಹೋದ ನಮ್ಮ ಗುಂಟೆಗಳಿಂದ.

ನಮ್ಮ ಸೋದರಮಾವನ ಮೂರೆಕರೆ ಕೃಷ್ಣರಾಜಪುರದ ಹತ್ತಿರ ಇತ್ತು. 1990ರ ದಶಕದಲ್ಲಿ ಭೂಸ್ವಾಧೀನಕ್ಕೆ ಹೋಯಿತು. ಯಾವ ಇಲಾಖೆ ಅನ್ನುವುದು ಬೇಡ, ಕಾನೂನು ಎಲ್ಲಾ ಕಡೆ ಅದೇ 1894ರದು. ಆ ಕಾನೂನಿನಲ್ಲಿ ಬೆಲೆ ಗೊತ್ತಾಗುವುದು ಮೊದಲ ನೋಟೀಸಿನ ದಿನಕ್ಕೆ, ಅದೂ ಸಬ್ ರಿಜಿಸ್ಟ್ರಾರ್ ಕಚೇರಿಯ ಕ್ರಯಪತ್ರಗಳನ್ನು ನೋಡಿ. ಆ ಕ್ರಯಪತ್ರಗಳಲ್ಲಿ ಬೆಲೆ ಬರೆಸಿದವರು ಯಾರು? ನಾವೇ. ಸ್ಟಾಂಪು ಉಳಿಸೋಣ ಅಂತ ಕೊಟ್ಟದ್ದರಲ್ಲಿ ಕಾಲು ಭಾಗ ಬರೆಸಿದೆವು. ಆ ಸುಳ್ಳು ಬೆಲೆಯೇ ನಮ್ಮ ಕುತ್ತಿಗೆಗೆ ಬಂತು. ಮಾವ ಹೆಚ್ಚಿನ ಪರಿಹಾರಕ್ಕೆ ಕೋರ್ಟಿಗೆ ಹೋದರು. ವರ್ಷಗಳಾದ ಮೇಲೆ ಬಂದ ದುಡ್ಡಿನಲ್ಲಿ ವಕೀಲರ ಪಾಲು ಕಳೆದು ಉಳಿದದ್ದು ಮೊಮ್ಮಗಳ ಮದುವೆಗೆ ಆಯಿತು. ಅವರ ಹೊಲದಲ್ಲಿ ಈಗ ಒಂದೊಂದು ಮಹಡಿಯ ತಿಂಗಳ ಬಾಡಿಗೆಯೇ ಅವರಿಗೆ ಕೊಟ್ಟ ಮೊದಲ ಪರಿಹಾರಕ್ಕಿಂತ ಜಾಸ್ತಿ.

2013ರ ಕಾನೂನು ಬಂದ ಮೇಲೆ ಪರಿಹಾರ ಸುಧಾರಿಸಿದೆ, ಗ್ರಾಮಾಂತರದಲ್ಲಿ ಮಾರುಕಟ್ಟೆ ಬೆಲೆಯ ನಾಲ್ಕರಷ್ಟರವರೆಗೂ ಹೋಗಬಹುದು. ಆದರೂ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಭೂಮಿ ಹಿಡಿಯುವುದು ತನ್ನ 1966ರ ಕಾಯಿದೆಯ ಅಡಿಯಲ್ಲೇ. 2020ರಲ್ಲಿ ಭೂಸುಧಾರಣೆ ಕಾಯಿದೆಯ 79ಎ, 79ಬಿ ತೆಗೆದು, ಯಾರು ಬೇಕಾದರೂ ಕೃಷಿ ಭೂಮಿ ಕೊಳ್ಳಬಹುದು ಅಂದರು. ಗಮನಿಸಿ, ನಮ್ಮ ಬೆಳೆಗೆ ತೆರೆಯದ ಸಂತೆಯನ್ನು ನಮ್ಮ ಹೊಲಕ್ಕೆ ತೆರೆದರು. ಈಗ ಹೊಸಕೋಟೆ, ಮಾಲೂರು ದಾರಿಯಲ್ಲಿ ಪ್ರತಿ ಊರಿಗೂ ಬಿಳಿ ಕಾರಿನವರು ಬರುತ್ತಿದ್ದಾರೆ. ಮುಂಗಡ ಕೊಟ್ಟು ಸಹಿ ಹಾಕಿಸುತ್ತಿದ್ದಾರೆ. ಸಾಲದ ನೋಟೀಸು ಬಂದ ಮನೆಗೇ ಮೊದಲು ಬರುತ್ತಾರೆ, ಯಾರು ಹೇಳಿಕೊಡುತ್ತಾರೋ!

ಮಾರಲೇಬಾರದು ಅಂತ ನಾನು ಹೇಳುವವನಲ್ಲ. ಮಗಳನ್ನು ಓದಿಸಲು ಅರ್ಧ ಎಕರೆ ಮಾರಿದವನನ್ನು ತಪ್ಪಿತಸ್ಥ ಅನ್ನಲಾರೆ. ಆ ವೈಟ್‌ಫೀಲ್ಡಿನಲ್ಲಿ ನಮ್ಮೂರಿನ ಇಬ್ಬರು ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ, ಅವರ ಮನೆಯ ಸಾಲ ತೀರಿದ್ದು ಅದರಿಂದಲೇ. 1992ರಲ್ಲಿ ಕಾರ್ಗಿಲ್ ಬೀಜ ಕಂಪನಿಯ ಬೆಂಗಳೂರು ಕಚೇರಿಗೆ ರೈತರು ನುಗ್ಗಿದ ಕಾಲದಲ್ಲಿ ನಾನೂ ಊರಿನಲ್ಲಿ ಘೋಷಣೆ ಕೂಗಿದವನೇ. ಆಗ ಹೊರಗಿನ ಕಂಪನಿಯೇ ನಮ್ಮನ್ನು ನುಂಗುತ್ತೆ ಅಂದುಕೊಂಡಿದ್ದೆ. ಈಗ ಹಿಂತಿರುಗಿ ನೋಡಿದರೆ ನನ್ನ ಚೀಟಿಯಿಂದ ಹೆಚ್ಚು ಕಡಿದುಕೊಂಡದ್ದು ದೆಹಲಿಯ ರಫ್ತಿನ ಆದೇಶಗಳು ಮತ್ತು ನಮ್ಮ ಮಂಡಿಯೇ. ಇದನ್ನು ಒಪ್ಪದ ಗೆಳೆಯರು ಇದ್ದಾರೆ, ಬರೆದು ಕಳಿಸಲಿ.

ಮಾರುವುದೇ ಆದರೆ ಒಬ್ಬೊಬ್ಬರೇ ಮಾರಬೇಡಿ. ಪುಣೆಯ ಹಡಪ್ಸರ್‌ನ ಮಗರಪಟ್ಟದಲ್ಲಿ ಸುಮಾರು 120 ರೈತ ಕುಟುಂಬಗಳು ತಮ್ಮ 400 ಎಕರೆಯನ್ನು ಬಿಲ್ಡರಿಗೆ ಕೊಡದೆ, ತಾವೇ ಕಂಪನಿ ಮಾಡಿ, ಜಮೀನಿಗೆ ತಕ್ಕಷ್ಟು ಷೇರು ಇಟ್ಟುಕೊಂಡು ನಗರ ಕಟ್ಟಿದರು. ಬಾಡಿಗೆ, ಕಂಟ್ರಾಕ್ಟು ಅವರ ಮಕ್ಕಳಿಗೇ ಹೋಗುತ್ತಿದೆ. ಮಾರುವುದಿಲ್ಲ ಅನ್ನುವುದಾದರೂ ಒಬ್ಬೊಬ್ಬರೇ ಅನ್ನಬೇಡಿ. ನಮ್ಮ ಪಕ್ಕದ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳು 1,777 ಎಕರೆಗಾಗಿ ಮೂರು ವರ್ಷಕ್ಕೂ ಮೀರಿ ಕೂತು, 2025ರ ಜುಲೈ 15ರಂದು ಸರ್ಕಾರದ ಬಾಯಲ್ಲೇ ಸ್ವಾಧೀನ ಕೈಬಿಟ್ಟೆವು ಅನ್ನಿಸಿದವು. ನಗರದಿಂದ ನಮ್ಮ ಕಡೆಗೆ ಇದುವರೆಗೆ ಪುಕ್ಕಟೆಯಾಗಿ ಹರಿದು ಬಂದದ್ದು ಒಂದೇ, 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿರುವ ಅವರ ಚರಂಡಿ ನೀರು, ಸಂಸ್ಕರಿಸಿದ್ದು ಅಂತಾರೆ.

ಈಗ ನಿಮ್ಮಿಂದ ಆಗಬೇಕಾದ ಒಂದು ಕೆಲಸ. ಮುಂದಿನ ಅಮಾವಾಸ್ಯೆಯೊಳಗೆ ಮನೆಯ ಟ್ರಂಕು ತೆಗೆಯಿರಿ. ಈ ಎರಡು ವರ್ಷದ ಮಂಡಿ ಚೀಟಿ, ಗೊಬ್ಬರದ ರಸೀದಿ, ಸೊಸೈಟಿ ಅಥವಾ ಬ್ಯಾಂಕಿನ ನೋಟೀಸು ಮೂರನ್ನೂ ಒಂದು ದಾರಕ್ಕೆ ಪೋಣಿಸಿ ತಾಲ್ಲೂಕು ಸಭೆಗೆ ತನ್ನಿ. ಕಮಿಷನ್ ಹಿಡಿದ ಚೀಟಿಗಳನ್ನು ಬೇರೆ ಕಟ್ಟಿ, ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಯ ಮೇಜಿನ ಮೇಲೆ ಇಟ್ಟು ಸ್ವೀಕೃತಿ ಪಡೆಯೋಣ. ಅಪ್ಪಂದಿರ ಕಾಲದ 1992ರ ಗೊಬ್ಬರದ ರಸೀದಿ ಯಾರ ಮನೆಯಲ್ಲಾದರೂ ಉಳಿದಿದ್ದರೆ ಅದನ್ನೂ ತನ್ನಿ, ಅವತ್ತಿನ ರಾಗಿಯ ಬೆಲೆ ನೆನಪಿರುವ ಹಿರಿಯರನ್ನು ಜೊತೆಗೆ ಕರೆತನ್ನಿ.